ತೂಕಡಿಸುವವರನ್ನು ಬಿಟ್ಟು ತೂಕಡಿಕೆಯ ಅಳತೆ

ಹಗಲು ಹೊತ್ತಿನಲ್ಲಿ ನಿದ್ದೆ ಬರುತ್ತದೆಯೇ ಎಂದು ಕೇಳಿದರೆ ನಮ್ಮ ಕರಾವಳಿಯ ಹಿರಿಯರಿಗೆ ಬೈದ ಹಾಗಾಗುತ್ತದೆ. ಇದು ನನಗೆ ತಿಳಿದದ್ದು ಕೆಲಸದ ಮೊದಲ ವಾರದಲ್ಲೇ. ಹೊನ್ನಾವರದ ಬಂದರಿನ ಕಡೆಗೆ ಹೋಗುವ ಓಣಿಯೊಂದರಲ್ಲಿ, ದೋಣಿ ಕೆಲಸ ಬಿಟ್ಟು ಮನೆಯಲ್ಲಿದ್ದ ಹಿರಿಯರೊಬ್ಬರು ಜಗಲಿಯ ಕುರ್ಚಿಯಲ್ಲಿ ಕುಳಿತಲ್ಲೇ ಗೊರಕೆ ಹೊಡೆಯುತ್ತಿದ್ದರು. ಮನೆಯವರು ಎಬ್ಬಿಸಿದರು. ನಾನು ಯಾರು, ಏಕೆ ಬಂದೆ ಎಂದೆಲ್ಲ ಹೇಳಿ, "ಊಟ ಆದ್ಮೇಲೆ ಸುಮ್ನೆ ಕೂತಾಗ ತೂಕಡಿಕೆ ಬರ್ತದಾ?" ಎಂದು ಕೇಳಿದೆ.

"ಎಂತ ತೂಕಡಿಕೆ?" ಎಂದರು ಅವರು. "ಹಗಲಲ್ಲಿ ಮಲಗೋರು ಮೈಗಳ್ಳರು. ನಾ ಕಣ್ಣು ಮುಚ್ಚಿ ಕೂತಿದ್ದೆ, ಅಷ್ಟೇ."

ಹಾಳೆಯಲ್ಲಿ ಸೊನ್ನೆ ಬರೆದುಕೊಂಡೆ. ಆ ವಾರ ನಾನು ಬರೆದದ್ದು ಹೆಚ್ಚುಕಡಿಮೆ ಎಲ್ಲ ಸೊನ್ನೆಯೇ.

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಅರವತ್ತು ದಾಟಿದವರನ್ನು ಹಗಲಿನ ನಿದ್ದೆ ಎಷ್ಟು ಕಾಡುತ್ತದೆ ಎಂದು ಅಳೆಯಲು ಒಂದು ವೈದ್ಯಕೀಯ ಕಾಲೇಜು ಯೋಜನೆ ಹಾಕಿಕೊಂಡಿತ್ತು. ನಾನು ಅದರ ತಂತ್ರಜ್ಞೆ. ತಲೆಗೆ ವಯರು ಅಂಟಿಸಿ ಮೆದುಳಿನ ಅಲೆಗಳನ್ನು ದಾಖಲಿಸುವುದು ನನಗೆ ಗೊತ್ತಿದ್ದ ಕೆಲಸ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಹೊಸದು. ಯೋಜನೆಯ ಮುಖ್ಯಸ್ಥರು ನರರೋಗ ವೈದ್ಯರು, ಮಾತು ಕಡಿಮೆ, ಲೆಕ್ಕ ಕಟ್ಟುನಿಟ್ಟು. ಹಗಲು ನಿದ್ದೆಯನ್ನು ಜನ ಸೋಮಾರಿತನವೆಂದು ನಕ್ಕು ಬಿಡುತ್ತಾರೆ, ಆದರೆ ಬಚ್ಚಲಲ್ಲಿ ಬೀಳುವುದು, ಒಲೆಯ ಮುಂದೆ ಸೆರಗಿಗೆ ಬೆಂಕಿ ತಗಲುವುದು, ರಸ್ತೆ ದಾಟುವಾಗ ಪೆಟ್ಟಾಗುವುದು ಇವುಗಳ ಹಿಂದೆ ಅದೇ ಇರುತ್ತದೆ ಎಂದು ಅವರು ನಮಗೆ ಮೊದಲ ದಿನವೇ ಹೇಳಿದ್ದರು. ಆ ಮಾತು ನನ್ನ ಮನಸ್ಸಿಗೆ ಹತ್ತಿತ್ತು. ಮುಂದೆ ಅವರೊಡನೆ ನಾನು ಜಗಳವಾಡಿದ್ದೂ ಅದೇ ಮಾತನ್ನು ನಂಬಿಕೊಂಡು.

ಪ್ರಶ್ನೆಗಳ ಹಾಳೆ ಬೇರೆ ಯಾವುದೋ ದೇಶದ ಜೀವನಕ್ಕೆ ಹೊಂದುವಂಥದ್ದು. ಸಿನಿಮಾ ಮಂದಿರದಲ್ಲಿ ಕುಳಿತಾಗ, ಕಾರು ಸಿಗ್ನಲ್ಲಿನಲ್ಲಿ ನಿಂತಾಗ, ಮಧ್ಯಾಹ್ನ ಪುಸ್ತಕ ಓದುವಾಗ ನಿದ್ದೆ ಹತ್ತುವ ಸಾಧ್ಯತೆ ಎಷ್ಟು ಎಂದು ಕೇಳಬೇಕು. ನಮ್ಮ ಜನಕ್ಕೆ ಕಾರೂ ಇಲ್ಲ, ಸಿಗ್ನಲ್ಲೂ ಇಲ್ಲ. ನಿದ್ದೆ ಎಂಬ ಶಬ್ದ ಕೇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಂಡು "ಇಲ್ಲ" ಎನ್ನುತ್ತಾರೆ. ಎರಡನೇ ವಾರ ನಾನು ಮುಖ್ಯಸ್ಥರಿಗೆ ಹೇಳಿದೆ, ನಿದ್ದೆ ಎಂಬ ಶಬ್ದವನ್ನೇ ತೆಗೆಯೋಣ ಎಂದು. ಅವರು ಒಪ್ಪಿದರು. ಬಸ್ಸಿನಲ್ಲಿ ಇಳಿಯುವ ನಿಲ್ದಾಣ ತಪ್ಪಿದ್ದುಂಟೇ, ಟೀವಿಯಲ್ಲಿ ಧಾರಾವಾಹಿಯ ಕೊನೆ ನೋಡದೆ ಹೋದದ್ದುಂಟೇ, ಮಾತಾಡುತ್ತಿದ್ದವರು "ಕೇಳ್ತಾ ಇದ್ದೀಯಾ" ಎಂದು ಮೈ ಮುಟ್ಟಿದ್ದುಂಟೇ ಎಂದು ಬದಲಿಸಿದೆವು. ಉತ್ತರಗಳು ಬರತೊಡಗಿದವು. ಕುಮಟಾದಲ್ಲಿ ಬಸ್ಸು ಹತ್ತಿ ಹೊನ್ನಾವರದಲ್ಲಿ ಇಳಿಯಬೇಕಾದ ಒಬ್ಬ ಮೀನು ಮಾರುವ ಹೆಂಗಸು ಭಟ್ಕಳದಲ್ಲಿ ಕಣ್ಣು ಬಿಟ್ಟಿದ್ದಳಂತೆ. ಅವಳ ಸಿಟ್ಟೆಲ್ಲ ಎಬ್ಬಿಸದ ಕಂಡಕ್ಟರನ ಮೇಲೆ.

ಬಾಯಿಮಾತಿನ ಮೇಲೆ ಮಾತ್ರ ನಿಲ್ಲಲಾಗದು ಎಂದು ಒಂದು ಪೆಟ್ಟಿಗೆಯನ್ನೂ ಒಯ್ಯುತ್ತಿದ್ದೆ. ಅಂಗೈಯಗಲದ ಯಂತ್ರ, ಅದರಲ್ಲಿ ಹೊತ್ತು ಗೊತ್ತಿಲ್ಲದೆ ಒಂದು ಕೆಂಪು ದೀಪ ಹತ್ತುತ್ತದೆ. ಹತ್ತಿದ ಕೂಡಲೇ ಹೆಬ್ಬೆರಳಿನಿಂದ ಗುಂಡಿ ಒತ್ತಬೇಕು. ಎಚ್ಚರವಿರುವವರ ಬೆರಳು ದೀಪದ ಬೆನ್ನಿಗೇ ಬೀಳುತ್ತದೆ. ನಿದ್ದೆ ಎಳೆಯುತ್ತಿರುವವರ ಕಣ್ಣು ತೆರೆದೇ ಇದ್ದರೂ ಬೆರಳು ತಡವಾಗುತ್ತದೆ, ನಡುನಡುವೆ ಬೀಳುವುದೇ ಇಲ್ಲ. ಇದನ್ನೆಲ್ಲ ಯಂತ್ರ ಒಂದು ಗೆರೆಯಾಗಿ ಬರೆದಿಡುತ್ತದೆ. ಪೆಟ್ಟಿಗೆಯಲ್ಲಿ ತುಂಬ ತಪ್ಪಿದವರನ್ನು ಹೊನ್ನಾವರದಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಕರೆಸಿ, ತಲೆಗೆ ವಯರು ಅಂಟಿಸಿ, ಹಗಲಿನಲ್ಲಿ ಬಿಟ್ಟು ಬಿಟ್ಟು ಮಲಗಿಸಿ, ಎಷ್ಟು ಬೇಗ ನಿದ್ದೆ ಹೋಗುತ್ತಾರೆ ಎಂದು ನೋಡುತ್ತಿದ್ದೆವು. ಮೊದಮೊದಲು ಒಂದು ವಯರೂ ನಿಲ್ಲಲಿಲ್ಲ. ಎಲ್ಲರ ತಲೆಯಲ್ಲೂ ಕೊಬ್ಬರಿ ಎಣ್ಣೆ. ಸ್ಪಿರಿಟ್ ಹಚ್ಚಿ ಕೂದಲ ಬುಡ ಉಜ್ಜಿದರೆ, "ಆಸ್ಪತ್ರೆಗೆ ಬರೋದು ಅಂತ ಎಣ್ಣೆ ಹಾಕಿ ಬಾಚ್ಕೊಂಡು ಬಂದ್ರೆ ಇದೆಂತ" ಎಂದು ಬೇಸರ ಪಡುತ್ತಿದ್ದರು. ಶಾಕ್ ಹೊಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರು. ಹೆದ್ದಾರಿಯ ಲಾರಿ ಸದ್ದಿಗೆ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಸದ್ದು. ಇವೆಲ್ಲ ಬಗೆಹರಿಯುವ ತೊಂದರೆಗಳು, ಬಗೆಹರಿಸಿಕೊಂಡೆವು.

ಬಗೆಹರಿಯದೆ ಉಳಿದದ್ದು ಒಂದು ನಿಯಮ. ಯಾರನ್ನೇ ಸೇರಿಸಿಕೊಳ್ಳುವ ಮೊದಲು ಒಂದು ನೆನಪಿನ ಪರೀಕ್ಷೆ ಮಾಡಬೇಕು. ಮೂರು ಶಬ್ದ ಹೇಳಿ ಆಮೇಲೆ ಕೇಳುವುದು, ವಾರ ತಿಂಗಳು ಕೇಳುವುದು, ಸಣ್ಣದೊಂದು ಕಳೆಯುವ ಲೆಕ್ಕ, ಒಂದು ಚಿತ್ರ ನೋಡಿ ಹಾಗೆಯೇ ಬರೆಯುವುದು. ಗೊತ್ತುಪಡಿಸಿದ ಅಂಕಕ್ಕಿಂತ ಕೆಳಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಟ್ಯಾಬಿನಲ್ಲಿ 'ನೆನಪಿನ ದೋಷ' ಎಂಬ ಗುಂಡಿ ಒತ್ತಿ, ನಮಸ್ಕಾರ ಹೇಳಿ ಎದ್ದು ಬರಬೇಕು. ಏನು ನಡೆಯುತ್ತಿದೆ ಎಂದು ತಿಳಿಯದವರಿಂದ ಒಪ್ಪಿಗೆ ಪಡೆಯಬಾರದು ಎಂಬುದು ಅದರ ಕಾರಣ. ಒಳ್ಳೆಯ ಕಾರಣವೇ.

ಮಳೆಗಾಲ ಮುಗಿದು ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಅಘನಾಶಿನಿ ಊರಿಗೆ ಹೋದೆ. ಅಲ್ಲಿಯ ಆಶಾ ಕಾರ್ಯಕರ್ತೆ ತೋರಿಸಿದ ಮನೆ ಅಳಿವೆಗೆ ಹತ್ತಿರ, ಗೋಡೆಯ ಬದಿಗೆ ಬಳಚು ಎಂಬ ಕಪ್ಪೆಚಿಪ್ಪಿನ ರಾಶಿ. ಕಡಲ ಇಳಿತಕ್ಕೆ ಹೊಳೆಯಲ್ಲಿ ನೀರಿಳಿದಾಗ ಸೊಂಟದ ತನಕ ಇಳಿದು, ಕಾಲಲ್ಲಿ ತಡಕಿ, ಮುಳುಗಿ ಬಳಚು ಹೆಕ್ಕುವುದು ಆ ಮನೆಯ ಹಿರಿಯಮ್ಮನ ಜೀವಮಾನದ ಕೆಲಸ. ವಯಸ್ಸು ಎಪ್ಪತ್ತರ ಆಸುಪಾಸು. ಅಂಗಳದ ಗೇಟಿಗೆ ಹೊರಗಿನಿಂದ ಹಗ್ಗ ಕಟ್ಟಿತ್ತು. ಕಟ್ಟಿದ್ದವರು ಮಗ, ದೋಣಿಯ ಎಂಜಿನ್ ರಿಪೇರಿ ಮಾಡುವವರು.

"ಆಯಿಗೆ ಈಗ ತಲೆ ಸಮ ಇಲ್ಲ ಅಕ್ಕೋರೇ," ಎಂದರು ಅವರು ಹಗ್ಗ ಬಿಚ್ಚುತ್ತ. "ಅವಳ ಹತ್ರ ಕೇಳಿ ಪ್ರಯೋಜನ ಇಲ್ಲ. ಎಂತ ಬೇಕು ನನ್ನ ಕೇಳಿ, ನಾ ಹೇಳ್ತೆ."

ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದ ಹಿರಿಯಮ್ಮ ಕಣ್ಣು ತೆರೆಯದೆಯೇ ಹೇಳಿದರು, "ನನ್ನ ತಲೆ ಇದ್ದಲ್ಲೇ ಅದೆ."

ಮಗ ನಡೆದದ್ದನ್ನು ಹೇಳಿದರು. ಹಿಂದಿನ ಬೇಸಿಗೆಯಲ್ಲಿ ಇವರು ಹೊಳೆಯ ನಡುವಿನ ಮರಳ ದಿಬ್ಬದ ಮೇಲೆ ಕುಳಿತವರು ನೀರು ಏರಿದರೂ ಏಳಲಿಲ್ಲ. ಎದೆಮಟ್ಟ ಬಂದಾಗ ಉಳಿದ ಹೆಂಗಸರು ನೋಡಿ ಎಳೆದು ತಂದರು. ಏನಾಯಿತೆಂದು ಕೇಳಿದರೆ ಇವರಿಗೆ ಹೇಳಲು ಬರಲಿಲ್ಲ. ಆ ಮೇಲೆ ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಮಾತಿನ ನಡುವೆ ನಿಂತು ಬಿಡುವುದು, ಮೊಮ್ಮಗಳ ಹೆಸರು ತಪ್ಪುವುದು. ಮರೆವಿನ ಕಾಯಿಲೆ ಎಂದು ಯಾರೋ ಹೇಳಿದರು. ಅಂದಿನಿಂದ ಹೊಳೆ ಬಂದ್.

ಪರೀಕ್ಷೆ ಶುರು ಮಾಡಿದೆ. ಮೂರು ಶಬ್ದಗಳನ್ನು ಒಮ್ಮೆಗೇ ತಿರುಗಿ ಹೇಳಿದರು. ವಾರ ಹೇಳಿದರು. ಲೆಕ್ಕಕ್ಕೆ ಬಂದಾಗ ಗದ್ದ ಮೆಲ್ಲಗೆ ಎದೆಗೆ ಇಳಿಯಿತು. ಕಾದೆ. ಮೊಣಕೈ ಮುಟ್ಟಿದೆ. "ಎಂತ ಕೇಳಿದೆ?" ಎಂದರು. ಮತ್ತೆ ಕೇಳಿದೆ. ಉತ್ತರ ಅರ್ಧ ಬಂದು ನಿಂತಿತು. ಚಿತ್ರ ಬರೆಯಲು ಕೊಟ್ಟ ಪೆನ್ಸಿಲು ಬೆರಳು ಸಡಿಲಾಗಿ ಕೆಳಗೆ ಬಿತ್ತು. ಕೊನೆಗೆ ಆ ಮೂರು ಶಬ್ದ ಕೇಳಿದಾಗ ಒಂದು ಹೇಳಿ, ಉಳಿದವು ಎಲ್ಲೋ ಇವೆ ಎಂಬಂತೆ ನನ್ನ ಮುಖ ನೋಡಿದರು. ಅಂಕ ಕೂಡಿದರೆ ಗೆರೆಯ ಕೆಳಗೆ.

"ಆತಾ?" ಎಂದರು ಮಗ. "ನಾ ಹೇಳ್ದೆ ಅಲ್ಲ."

ನಿದ್ದೆ ಹೇಗೆ ಬರುತ್ತದೆ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ರೆಪ್ಪೆ ನಿಧಾನವಾಗುತ್ತದೆ, ಅದರ ಹಿಂದೆ ಕಣ್ಣುಗುಡ್ಡೆ ಈ ಕಡೆಯಿಂದ ಆ ಕಡೆಗೆ ತೇಲುತ್ತದೆ, ಕುತ್ತಿಗೆ ಸೋಲುತ್ತದೆ, ಆಮೇಲೆ ಕೈ ಬಿಚ್ಚುತ್ತದೆ. ಇದೇ ಕ್ರಮದಲ್ಲಿ, ಹಗಲು ಬೆಳಕಿನಲ್ಲಿ, ನನ್ನ ಮುಂದೆ ಅದು ನಾಲ್ಕಾರು ಸಲ ನಡೆದಿತ್ತು. ಮರೆತವರನ್ನೂ ನಾನು ಕಂಡಿದ್ದೇನೆ. ಮರೆತವರು ಹುಡುಕುತ್ತಾರೆ, ತಡವರಿಸುತ್ತಾರೆ, ಮಾತು ತಿರುಗಿಸಿ ಮುಚ್ಚಿಕೊಳ್ಳುತ್ತಾರೆ. ಈಕೆ ಪ್ರಶ್ನೆ ಕೇಳುವ ಹೊತ್ತಿಗೆ ಅಲ್ಲಿ ಇರಲೇ ಇಲ್ಲ. ಇಲ್ಲದವರಿಗೆ ಅಂಕ ಹಾಕುವುದು ಹೇಗೆ?

ಟ್ಯಾಬಿನಲ್ಲಿ ಆ ಗುಂಡಿ ಒತ್ತಲಿಲ್ಲ. ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಬಂದು, ಬಸ್ಸು ನಿಲ್ಲುವಲ್ಲಿ ನಿಂತು ಮುಖ್ಯಸ್ಥರಿಗೆ ಫೋನು ಮಾಡಿದೆ.

"ಅಂಕ ಎಷ್ಟು?" ಎಂದರು. ಹೇಳಿದೆ. "ಹಾಗಾದ್ರೆ ಕೈಬಿಡಿ. ಇದರಲ್ಲಿ ಕೇಳೋದೇನಿದೆ?"

"ಅವರಿಗೆ ಮರೆವಲ್ಲ ಸರ್, ನಿದ್ದೆ. ಎಚ್ಚರ ಇರೋ ಹೊತ್ತಲ್ಲಿ ಇನ್ನೊಂದ್ಸಲ ಕೇಳ್ತೇನೆ."

"ಒಬ್ಬರಿಗೆ ಎರಡು ಸಲ, ಉಳಿದವರಿಗೆ ಒಂದು ಸಲ. ಆಮೇಲೆ ಈ ಅಂಕಿಅಂಶವನ್ನ ಯಾರು ನಂಬ್ತಾರೆ? ನಿಯಮ ನಾನು ಮಾಡಿದ್ದಲ್ಲ. ನೀತಿ ಸಮಿತಿ ಒಪ್ಪಿದ್ದು. ನೀವು ಕರುಣೆಯಿಂದ ಬದಲಾಯಿಸೋ ಹಾಗಿಲ್ಲ."

"ಕರುಣೆ ಅಲ್ಲ ಸರ್. ತೂಕಡಿಕೆ ಅಳೆಯೋಕೆ ಬಂದು, ತೂಕಡಿಸಿದ್ರು ಅಂತ ಹೊರಗೆ ಹಾಕ್ತಾ ಇದ್ದೇವೆ."

"ನೆನಪಿನ ದೋಷ ಅಂತ ಹಾಕಿ ಮುಂದಿನ ಮನೆಗೆ ಹೋಗಿ," ಎಂದರು.

"ನಾನು ಹಾಕೋದಿಲ್ಲ."

"ಬೇರೆಯವರು ಹಾಕ್ತಾರೆ." ಫೋನು ಇಟ್ಟರು.

ಭಾನುವಾರ ಮನೆಯವರು ಸಿಗುತ್ತಾರೆಂದು ನಾವು ಅಂದು ಕೆಲಸ ಮಾಡಿ ಬುಧವಾರ ರಜೆ ತೆಗೆದುಕೊಳ್ಳುತ್ತಿದ್ದೆವು. ಆ ಬುಧವಾರ ಬೆಳಗಿನ ಬಸ್ಸಿಗೇ ಅಘನಾಶಿನಿಗೆ ಹೋದೆ. ಯೋಜನೆಯ ಹಾಳೆ, ಟ್ಯಾಬು ಯಾವುದನ್ನೂ ಒಯ್ಯಲಿಲ್ಲ. ದೀಪದ ಪೆಟ್ಟಿಗೆ ಮಾತ್ರ ಚೀಲದಲ್ಲಿತ್ತು, ಅದನ್ನು ಒಯ್ಯುತ್ತಿದ್ದೇನೆ ಎಂದು ಮುಖ್ಯಸ್ಥರಿಗೆ ಮೆಸೇಜು ಹಾಕಿದ್ದೆ. ಕದ್ದು ಮಾಡುವ ಕೆಲಸ ಇದಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಹಿರಿಯಮ್ಮ ಅಂಗಳ ಗುಡಿಸುತ್ತಿದ್ದರು. "ಮತ್ತೆ ಬಂದ್ಯಾ?" ಎಂದರು. "ಮೊನ್ನೆ ನನ್ನ ಫೇಲ್ ಮಾಡಿ ಹೋದೆಯಂತೆ."

"ಫೇಲ್ ಮಾಡ್ಲಿಲ್ಲ ಅಮ್ಮ. ಅದಕ್ಕೇ ಬಂದೆ."

ಕುಳಿತು, ಬೇರೆ ಮೂರು ಶಬ್ದ ಹೇಳಿ, ಬೇರೆ ಲೆಕ್ಕ ಕೊಟ್ಟು, ಬೇರೆ ಚಿತ್ರ ಬರೆಸಿದೆ. ಲೆಕ್ಕದಲ್ಲಿ ಒಂದು ತಪ್ಪಿತು. ಚಿತ್ರ ಸ್ವಲ್ಪ ಸೊಟ್ಟಗಾಯಿತು. ಉಳಿದದ್ದೆಲ್ಲ ಸರಿ. ಒಳಗೆ ಚಹಾ ಕುಡಿಯುತ್ತಿದ್ದ ಮಗ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು.

ಆಗ ಹಿರಿಯಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಪ್ಲಾಸ್ಟಿಕ್ ಚೀಲ ತೆಗೆದು, ಅದರಿಂದ ಗುಳಿಗೆಯೊಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು.

"ಅದೆಂತ ಗುಳಿಗೆ ಅಮ್ಮ? ಬೀಪಿದು ಒಂದೇ ಅಂತ ಹೇಳಿದ್ರಲ್ಲ ಮೊನ್ನೆ?"

"ಇದು ಔಷಧ ಅಲ್ಲ. ತುರಿಕೆದು." ಸೀರೆ ಸ್ವಲ್ಪ ಮೇಲೆತ್ತಿ ಮೊಣಕಾಲ ಕೆಳಗೆ ತೋರಿಸಿದರು. ಉಪ್ಪು ನೀರು, ಕೆಸರು, ಚಿಪ್ಪಿನ ಗೀರು ಸೇರಿ ಚರ್ಮ ಕಪ್ಪಗೆ ದಪ್ಪಗಾಗಿತ್ತು. "ಹೊಳೆಗೆ ಹೋಗೋರಿಗೆಲ್ಲ ಇದು ಇದ್ದದ್ದೇ. ಅಂಗಡಿಯವ ಕೊಡ್ತಾನೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿಗೆ ಎರಡು. ಜಾಸ್ತಿ ತುರಿಸಿದ್ರೆ ಇನ್ನೊಂದು."

"ಎಷ್ಟು ಕಾಲದಿಂದ?"

"ಹೋದ ವರ್ಷದ ಮಳೆಯಿಂದ ಇರಬೇಕು. ಅದಕ್ಕೂ ಮುಂಚೆ ಯಾವಾಗಾದ್ರೂ ಒಂದು."

ಅಲರ್ಜಿಗೆ ಕೊಡುವ ಹಳೆಯ ಕಾಲದ ಗುಳಿಗೆ ಅದು. ನಿದ್ದೆ ಬರಿಸುತ್ತದೆ ಎಂದು ಔಷಧದ ಹತ್ತಿರ ಸುಳಿದವರಿಗೆಲ್ಲ ಗೊತ್ತು. ಆದರೆ ನಾನು ವೈದ್ಯೆಯಲ್ಲ, ನಿಲ್ಲಿಸಿ ಎನ್ನುವ ಅಧಿಕಾರ ನನಗಿಲ್ಲ. ಮಗನ ಕಡೆ ತಿರುಗಿ, ಇವತ್ತೇ ಕುಮಟಾದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದೆ.

ಅವರ ಮುಖ ಬಿಗಿಯಿತು. "ಹೋಗಿ ಎಂತ ಮಾಡೋದು? ತಲೆ ಸಮ ಅದೆ ಅಂತ ಬರೆಸ್ಕೊಂಡು ಬರೋದಾ? ಹಾಗೆ ಅಂದ ಕೂಡ್ಲೆ ಇವಳು ಹೊಳೆಗೆ ಇಳಿಯೋಳು. ನೀವು ಕೇಳಿ ಹೋಗ್ತ್ರಿ ಅಕ್ಕೋರೇ. ನೀರು ಏರಿದಾಗ ಓಡೋದು ನಾವು."

ಅವರು ಹೇಳಿದ್ದು ನಿಜ. ಗೇಟಿಗೆ ಹಗ್ಗ ಕಟ್ಟಿ ತಾಯಿಯನ್ನು ಕೂಡಿ ಹಾಕಿದವರು ಎಂದು ನಾನು ಅವರನ್ನು ನೋಡಿದ್ದೆ. ಆ ಮಾತು ಕೇಳಿದ ಮೇಲೆ ಹಾಗೆ ನೋಡಲಾಗಲಿಲ್ಲ.

ಉತ್ತರ ಕೊಟ್ಟವರು ಹಿರಿಯಮ್ಮ. ಒಳಗೆ ಹೋಗಿ ಬೇರೆ ಸೀರೆ ಉಟ್ಟು ಬಂದು, ಚಪ್ಪಲಿ ಹುಡುಕುತ್ತ, "ನೀ ಬರದಿದ್ರೆ ಬಿಡು. ನಾ ಇವಳ ಸಂಗ್ತಿ ಹೋಗ್ತೆ," ಎಂದರು. ಮಗ ಲೋಟ ಕೆಳಗಿಟ್ಟು ಅಂಗಿ ಹಾಕಿಕೊಂಡರು.

ಬಸ್ಸಿನಲ್ಲಿ ತಾಯಿ ಮಗ ಒಂದು ಸೀಟಿನಲ್ಲಿ, ನಾನು ಪಕ್ಕದ ಸೀಟಿನಲ್ಲಿ. ಊರು ದಾಟುವವರೆಗೂ ಹಿರಿಯಮ್ಮ ಕಿಟಕಿಯಿಂದ ಹೊರಗೆ ನೋಡುತ್ತ ಗದ್ದೆ ಯಾರದ್ದು, ಮನೆ ಯಾರದ್ದು ಎಂದು ಹೇಳುತ್ತಿದ್ದರು. ಕುಮಟಾ ಹತ್ತಿರವಾಗುವ ಹೊತ್ತಿಗೆ ಮಾತು ಸಣ್ಣದಾಯಿತು, ತಲೆ ಮಗನ ಭುಜಕ್ಕೆ ಬಂತು. ಮಗ ಅಲುಗಾಡದೆ ಕುಳಿತರು. ತಾಯಿಯ ತಲೆಯ ಮೇಲಿನಿಂದ ನನ್ನನ್ನು ನೋಡಿದರು. ಬೆಳಿಗ್ಗೆ ನುಂಗಿದ ಗುಳಿಗೆ ಇಬ್ಬರ ನೆನಪಿಗೂ ಬಂದಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುವಾಗ ಅವರ ಕೈಗೆ ದೀಪದ ಪೆಟ್ಟಿಗೆ ಕೊಟ್ಟೆ. ಇದು ಯೋಜನೆಗೆ ಅಲ್ಲ, ಡಾಕ್ಟರಿಗೆ ತೋರಿಸಲಿಕ್ಕೆ ಎಂದು ಹೇಳಿ ಒಪ್ಪಿಗೆ ಕೇಳಿದೆ. "ಕೊಡು," ಎಂದರು. ದೀಪ ಹತ್ತಿತು, ಆರಿತು. ಮತ್ತೆ ಹತ್ತಿತು, ಆರಿತು. ಹೆಬ್ಬೆರಳು ಗುಂಡಿಯ ಮೇಲೆ ಇದ್ದಲ್ಲೇ ಇತ್ತು. ಕಣ್ಣು ದೀಪದ ಮೇಲೆಯೇ ಇತ್ತು. ಮಗ ಬಗ್ಗಿ ನೋಡುತ್ತಿದ್ದರು. "ಆಯಿ, ಒತ್ತು," ಎಂದರು ಮೆಲ್ಲಗೆ. "ಒತ್ತಿದೆ ಅಲ್ಲ," ಎಂದರು ಅವರು. ಒತ್ತಿರಲಿಲ್ಲ.

ವೈದ್ಯೆ ಪೆಟ್ಟಿಗೆಯ ಗೆರೆ ನೋಡಿದರು, ಗುಳಿಗೆಯ ಪಟ್ಟಿ ತಿರುಗಿಸಿ ನೋಡಿದರು, ದಿನಕ್ಕೆ ಎಷ್ಟು ಎಂದು ಕೇಳಿ ಪೆನ್ನು ಕೆಳಗಿಟ್ಟರು. ವಯಸ್ಸಾದವರ ಮೈಯಲ್ಲಿ ಈ ಗುಳಿಗೆ ಬೇಗ ಕರಗುವುದಿಲ್ಲ, ತಲೆಗೆ ಮಂಪರು ಹಿಡಿಸಿ ಕೂರಿಸುತ್ತದೆ ಎಂದು ಮಗನಿಗೆ ಬಿಡಿಸಿ ಹೇಳಿದರು. ಒಂದೇ ಸಲಕ್ಕೆ ಬಿಟ್ಟರೆ ತುರಿಕೆ ಏರುತ್ತದೆಂದು ಕಡಿಮೆ ಮಾಡುತ್ತ ಬಿಡಿಸುವ ಕ್ರಮ ಬರೆದರು, ಕಾಲಿಗೆ ಮುಲಾಮು ಕೊಟ್ಟರು, ಹೊಳೆಯಿಂದ ಬಂದ ಕೂಡಲೇ ಸಿಹಿನೀರಿನಲ್ಲಿ ಕಾಲು ತೊಳೆಯಲು ಹೇಳಿದರು.

"ಮರೆವಿಂದು ಎಂತ ಮೇಡಂ?" ಎಂದು ಮಗ ಕೇಳಿದರು.

"ಅದು ಇದ್ದೀತು, ಇಲ್ಲದೆಯೂ ಇದ್ದೀತು. ಮೊದ್ಲು ಇವರು ಪೂರ್ತಿ ಎಚ್ಚರ ಆಗ್ಲಿ. ಆಮೇಲೆ ನೋಡುವ."

ಕೆಲವು ವಾರ ಕಳೆದ ಮೇಲೆ, ಮೊದಲ ಸಲ ಹೋಗಿದ್ದ ಹೊತ್ತಿಗೇ, ಊಟವಾದ ಮೇಲೆ ಹೋಗಿ ಮತ್ತೆ ಪೆಟ್ಟಿಗೆ ಕೊಟ್ಟೆ. ಬೆರಳು ದೀಪದ ಹಿಂದೆಯೇ ಬಿತ್ತು. ಒಂದೆರಡು ತಪ್ಪಿತು, ಆ ವಯಸ್ಸಿನಲ್ಲಿ ಯಾರಿಗಾದರೂ ತಪ್ಪುವಷ್ಟು. ಕಾಲು ಮಾತ್ರ ಮೊದಲಿಗಿಂತ ಹೆಚ್ಚು ತುರಿಸುತ್ತಿತ್ತು, ಮಾತಾಡುವಾಗಲೂ ಉಜ್ಜಿಕೊಳ್ಳುತ್ತಿದ್ದರು. ಮುಲಾಮು ಸಾಕಾಗುತ್ತಿಲ್ಲ, ಮತ್ತೆ ಡಾಕ್ಟರ ಹತ್ತಿರ ಹೋಗೋಣ ಎಂದೆ.

"ತುರಿಕೆ ಇರ್ಲಿ," ಎಂದರು. "ತುರಿಸ್ತಾ ಇದ್ರೆ ಎಚ್ಚರ ಇರ್ತದೆ."

ಹೊಳೆಯ ವಿಷಯದಲ್ಲಿ ತಾಯಿ ಮಗನಿಗೆ ಇನ್ನೂ ಜಗಳ. ಉಳಿದ ಹೆಂಗಸರ ಜೊತೆಗೇ ಇಳಿಯಬೇಕು, ಅವರ ಜೊತೆಗೇ ಏಳಬೇಕು, ದಿಬ್ಬದ ಮೇಲೆ ಕೂರಬಾರದು ಎಂದು ಮಗನ ಷರತ್ತು. "ನಾ ಎಂತ ಕುರಿಯಾ?" ಎಂದು ತಾಯಿ. ಆದರೂ ಇಳಿದರು. ಮೊದಲ ದಿನ ಮಗ ಕೆಲಸ ಬಿಟ್ಟು ದಡದಲ್ಲಿ ನಿಂತಿದ್ದರಂತೆ. ನೀರೊಳಗಿಂದಲೇ ಅವರನ್ನು ಬೈದು ಮನೆಗೆ ಕಳಿಸಿದ್ದನ್ನು ಹಿರಿಯಮ್ಮ ನನಗೆ ಹೇಳಿದ್ದು ಬಹಳ ಹೆಮ್ಮೆಯಿಂದ.

ಅಷ್ಟರಲ್ಲಿ ಹೊನ್ನಾವರದ ಕೋಣೆಯಲ್ಲಿ ನನ್ನ ಜಗಳವೂ ನಡೆದಿತ್ತು. ಪೆಟ್ಟಿಗೆಯ ಎರಡು ಗೆರೆಗಳನ್ನು ಮುಖ್ಯಸ್ಥರ ಮುಂದೆ ಇಟ್ಟೆ. ಅವರು ತುಂಬ ಹೊತ್ತು ನೋಡಿದರು. ವೈದ್ಯರಾಗಿ ಅವರಿಗೆ ಸಂತೋಷವಾಯಿತು, ಅದು ಮುಖದಲ್ಲಿ ಕಂಡಿತು. ಯೋಜನೆಯ ಮುಖ್ಯಸ್ಥರಾಗಿ ಅವರು ಕಾಗದ ಹಿಂದಕ್ಕೆ ಸರಿಸಿದರು.

"ಒಬ್ಬರಿಗೆ ಒಳ್ಳೇದಾಯ್ತು. ಒಬ್ಬರಿಂದ ಏನೂ ಸಿದ್ಧ ಆಗೋದಿಲ್ಲ."

"ಸಿದ್ಧ ಮಾಡ್ತಾ ಇಲ್ಲ ಸರ್. ನಾವು ನೆನಪಿನ ದೋಷ ಅಂತ ಕೈಬಿಟ್ಟವರಲ್ಲಿ ಹೆಚ್ಚಿನವರನ್ನ ನೋಡಿದ್ದು ಊಟ ಆದ್ಮೇಲೆ. ಮನೆಯವರಿಗೆ ಅನುಕೂಲ, ನಮ್ಮ ಬಸ್ಸಿಗೂ ಅನುಕೂಲ ಅಂತ. ಅವರನ್ನೆಲ್ಲ ಎಚ್ಚರ ಇರೋ ಹೊತ್ತಲ್ಲಿ ಇನ್ನೊಂದ್ಸಲ ನೋಡ್ಬೇಕು."

"ನೀವು ನಿಯಮ ಮುರಿದಿದ್ದೀರಿ, ಗೊತ್ತಲ್ಲ?"

"ಗೊತ್ತು."

"ಹೀಗಾದ್ರೆ ನಿಮ್ಮನ್ನ ಮನೆಮನೆ ಕೆಲಸದಿಂದ ತೆಗೀಬೇಕಾಗ್ತದೆ."

"ತೆಗೀರಿ. ಆದ್ರೆ ಆ ಗುಂಡಿ ನನ್ನ ಕೈಯಿಂದ ಒತ್ತಿಸ್ಬೇಡಿ. ಅತಿ ಹೆಚ್ಚು ನಿದ್ದೆ ಬರೋರನ್ನೆಲ್ಲ ಹೊರಗೆ ಹಾಕಿ ಕೊನೆಗೆ ವರದಿಯಲ್ಲಿ ಎಂತ ಬರೀತೇವೆ ಸರ್? ಇಲ್ಲಿಯ ಮುದುಕರಿಗೆ ಹಗಲು ನಿದ್ದೆ ಅಷ್ಟೇನೂ ಇಲ್ಲ ಅಂತಲಾ?"

ಕೋಣೆಯಲ್ಲಿದ್ದ ಉಳಿದವರು ತಲೆ ತಗ್ಗಿಸಿದರು. ಮುಖ್ಯಸ್ಥರು ಸಿಟ್ಟಾಗಲಿಲ್ಲ; ಅವರು ಸಿಟ್ಟಾಗುವವರಲ್ಲ. ಮಾರನೆಯ ದಿನದಿಂದ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಬೇರೆಯವರು ತಂದದ್ದನ್ನು ತುಂಬುವ ಕೆಲಸ. ತುಂಬುತ್ತ ತುಂಬುತ್ತ, ಕೈಬಿಟ್ಟವರನ್ನು ಮರಳಿ ನೋಡಲು ಅನುಮತಿ ಕೇಳುವ ಅರ್ಜಿಯೊಂದನ್ನು ಬರೆದು ಅವರ ಮೇಜಿನ ಮೇಲಿಟ್ಟೆ. ಅದು ಅಲ್ಲೇ ಇತ್ತು. ಇನ್ನೊಂದು ಪ್ರತಿ ಇಟ್ಟೆ. ಒಂದು ಸಂಜೆ ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು.

"ಎಚ್ಚರ ಇರೋ ಹೊತ್ತು ಅಂತ ಬರ್ದಿದ್ದೀರಿ. ಅದು ಯಾವುದು ಅಂತ ಹೇಗೆ ಗೊತ್ತಾಗೋದು? ನಿಮ್ಮ ಕಣ್ಣಂದಾಜಾ? ಸಮಿತಿ ಮೊದಲು ಕೇಳೋದೇ ಇದು."

ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಕೈಗಡಿಯಾರದಂಥ ಒಂದು ಪಟ್ಟಿ ಇತ್ತು. ಅದನ್ನು ಕಟ್ಟಿಕೊಂಡವರ ಕೈ ಯಾವಾಗ ಆಡುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂದು ಅದು ಬರೆದಿಡುತ್ತದೆ. ಒಂದು ವಾರ ಕಟ್ಟಿಸಿ, ಯಾವ ಹೊತ್ತಿನಲ್ಲಿ ದಿನವೂ ಚಟುವಟಿಕೆ ಹೆಚ್ಚೋ ಆ ಹೊತ್ತಿನಲ್ಲಿ ನೆನಪಿನ ಪರೀಕ್ಷೆ ಮಾಡುವುದು ಎಂದು ಬರೆದೆವು. ಒಪ್ಪಿಗೆಯ ಮಾತು ಅವರೇ ತಿದ್ದಿದರು. ಮನೆಯವರ ಒಪ್ಪಿಗೆಯ ಜೊತೆಗೆ ಆ ವ್ಯಕ್ತಿಯ ಒಪ್ಪಿಗೆಯೂ ಬೇಕು, ಪರೀಕ್ಷೆಯಲ್ಲಿ ತಿಳಿವಳಿಕೆ ಇದೆ ಎಂದು ಕಂಡರೆ ಮತ್ತೆ ಅವರನ್ನೇ ಕೇಳಬೇಕು ಎಂದು ಸೇರಿಸಿದರು. ಅದು ನನಗೆ ಹೊಳೆದಿರಲಿಲ್ಲ. ಅರ್ಜಿ ಅವರ ಹೆಸರಿನಲ್ಲೇ ಹೋಗಬೇಕಿತ್ತು, ಹೋಯಿತು. ಸಮಿತಿ ಎರಡು ಸಲ ಪ್ರಶ್ನೆ ಹಾಕಿ ಹಿಂದಕ್ಕೆ ಕಳಿಸಿ, ಕೊನೆಗೆ ಒಪ್ಪಿತು. ಈ ಜನರ ಲೆಕ್ಕವನ್ನು ಮೊದಲಿನವರ ಜೊತೆ ಬೆರೆಸದೆ ಬೇರೆಯೇ ಇಡಬೇಕು ಎಂಬ ಷರತ್ತು ಹಾಕಿತು. ನಾನು ಬಯಸಿದ್ದು ಅದಲ್ಲ. ಆದರೂ ಚೀಲ ಹೆಗಲಿಗೇರಿಸಿದೆ.

ಮರಳಿ ಹೋದ ಮನೆಗಳಲ್ಲಿ ಎಲ್ಲೆಡೆಯೂ ಅಘನಾಶಿನಿಯಲ್ಲಿ ನಡೆದದ್ದೇ ನಡೆಯಲಿಲ್ಲ. ಬಹಳ ಜನರಿಗೆ ಮರೆವೇ ಆಗಿತ್ತು. ಬೆಳಗಿನ ಒಳ್ಳೆಯ ಹೊತ್ತಿನಲ್ಲೂ ಮಕ್ಕಳ ಮುಖ ಗುರುತು ಹತ್ತದವರಿದ್ದರು. ಅಪ್ಸರಕೊಂಡದ ಹತ್ತಿರದ ಮನೆಯೊಂದರಲ್ಲಿ ಒಬ್ಬ ಹೆಂಗಸು ಗಂಡನ ಕೈಯ ಪಟ್ಟಿ ಬಿಚ್ಚಿ ಕೊಡುತ್ತ, "ನೀವು ಮತ್ತೆ ಬತ್ರಿ ಅಂದಾಗ ನಂಗೂ ಆಸೆ ಬಂದಿತ್ತು," ಎಂದರು. ಆ ದಿನ ಬಸ್ಸಿನಲ್ಲಿ ನನಗೆ ಬೇರೆ ಯಾರ ಮುಖವೂ ನೆನಪಾಗಲಿಲ್ಲ. ಅರ್ಜಿ ಬರೆದದ್ದು ತಪ್ಪಾಯಿತೇ ಎಂದು ಕೇಳಿಕೊಂಡೆ. ತಪ್ಪಲ್ಲ ಎಂದೇ ಈಗಲೂ ಹೇಳುತ್ತೇನೆ. ಮರೆವು ಎಂದರೆ ಮರೆವು ಎಂದು ನೋಡಿ ಹೇಳಬೇಕು. ಬಸ್ಸಿನ ವೇಳೆ ನೋಡಿ ಅಲ್ಲ.

ಭಟ್ಕಳದ ಒಂದು ಮನೆಗೆ ಹೋದಾಗ ಬಾಗಿಲು ತೆರೆದವರು ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನವಾಯತ ಮುಸ್ಲಿಮರೊಬ್ಬರು. ಕೈಬಿಟ್ಟವರ ಪೈಕಿ ಅವರ ತಂದೆಯೂ ಒಬ್ಬರು. ಆ ಅಂಗಡಿ ಮೊದಲು ತಂದೆಯದು. ಹಿಂದಿನ ವಾರ ಕಟ್ಟಿದ್ದ ಪಟ್ಟಿಯ ಪ್ರಕಾರ ಬೆಳಗಿನ ಈ ಹೊತ್ತು ಅವರು ಎಚ್ಚರವಿರಬೇಕು. ಆದರೆ ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು.

"ಅಬ್ಬಾಗೆ ಈಗ ಏನೂ ಗೊತ್ತಾಗಲ್ಲ ಮೇಡಂ," ಎಂದರು ಮಗ. "ಮೊದಲ ಸಲ ನಿಮ್ಮವರೇ ಬಂದು ನೋಡಿ, ಇವರದ್ದು ಆಗಲ್ಲ ಅಂತ ಹೇಳಿ ಹೋಗಿದ್ದಾರೆ. ಅದ್ರ ಮೇಲೆ ನಾವೂ ಅವರನ್ನ ಏನೂ ಕೇಳೋದು ಬಿಟ್ವಿ."

ಟ್ಯಾಬಿನಲ್ಲಿ ಒತ್ತಿದ ಒಂದು ಗುಂಡಿ ಈ ಮನೆಯಲ್ಲಿ ತೀರ್ಪಾಗಿ ಕೂತಿತ್ತು. ಮಗ ತಂದೆಯ ಭುಜ ಹಿಡಿದು ಅಲುಗಿಸಲು ಹೋದರು. ನಾನು ಬೇಡ ಎಂದೆ.

"ಎಬ್ಬಿಸ್ಬೇಡಿ. ಅವರಾಗಿ ಏಳ್ಲಿ. ನಾನು ಕಾಯ್ತೇನೆ."

"ಎಷ್ಟು ಹೊತ್ತು ಅಂತ ಕಾಯ್ತೀರಿ?"

"ಏಳೋ ತನಕ."

ಒಳಗಿನಿಂದ ಚಹಾ ಬಂತು. ಮಗ ಎರಡು ಸಲ ಗಡಿಯಾರ ನೋಡಿಕೊಂಡರು, ಅಂಗಡಿಗೆ ಫೋನು ಮಾಡಿ ತಡವಾಗುತ್ತದೆ ಎಂದರು. ನಾನು ಹಾಳೆ ಮೊಣಕಾಲ ಮೇಲಿಟ್ಟುಕೊಂಡು ಹಿರಿಯರ ಮುಖ ನೋಡುತ್ತ ಕುಳಿತೆ. ಉಸಿರು ನಿಲ್ಲುತ್ತಿತ್ತು, ಆಮೇಲೆ ದೊಡ್ಡ ಗೊರಕೆಯೊಂದಿಗೆ ತಿರುಗಿ ಶುರುವಾಗುತ್ತಿತ್ತು. ರಾತ್ರಿಯೂ ಹೀಗೆಯೇ ಇದ್ದರೆ ಹಗಲು ಈ ಕುರ್ಚಿ ಅವರನ್ನು ಬಿಡುವುದಾದರೂ ಹೇಗೆ ಎಂದುಕೊಂಡು, ಹಾಳೆಯ ಬದಿಯಲ್ಲಿ ಬರೆದುಕೊಂಡೆ. ಬಹಳ ಹೊತ್ತಿನ ಮೇಲೆ ಅವರು ತಾವಾಗಿಯೇ ಕಣ್ಣು ತೆರೆದರು. ಬಾಯಿ ಒರೆಸಿಕೊಂಡರು. ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು. ನೆಟ್ಟಗೆ ಕುಳಿತರು.

ನಮಸ್ಕಾರ ಹೇಳಿ, ನಾನು ಯಾರೆಂದು ಹೇಳಿ, ಕೆಲವು ಪ್ರಶ್ನೆ ಕೇಳಬಹುದೇ ಎಂದೆ. ತಲೆಯಾಡಿಸಿದರು.

"ಇವತ್ತು ಯಾವ ವಾರ?"

"ಮೇಡಂ, ಅಬ್ಬಾಗೆ ಅದೆಲ್ಲ..." ಎಂದು ಮಗ ಶುರು ಮಾಡಿದರು.

ಹಿರಿಯರು ಮಗನ ಕಡೆ ನೋಡದೆಯೇ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು.

"ಕೇಳಿದ್ದು ನನ್ನನ್ನ," ಎಂದರು. "ಶುಕ್ರವಾರ. ಮುಂದಿನದು ಕೇಳಿ."